ಕೀ ವಾಪಸ್ ಕೊಡುವ ಮೊದಲು: ಕೊಡಗಿನಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು ಕಾನೂನು ಮತ್ತು ಹಣದ ನೆರವು ಪಡೆಯುವುದು ಹೇಗೆ

ಪ್ರತಿ ವರ್ಷ ಜೂನ್ ಬಂತೆಂದರೆ ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಕ್ಕಾ, ರೂಮ್ ಖಾಲಿ ಮಾಡಿ ಎರಡು ತಿಂಗಳಾಯ್ತು, ಅಡ್ವಾನ್ಸ್ ಕೊಡ್ತಾ ಇಲ್ಲ, ಫೋನೂ ಎತ್ತಲ್ಲ." ಅಗ್ರಿಮೆಂಟ್ ಇದೆಯಾ ಅಂದರೆ ಇಲ್ಲ. ಅಡ್ವಾನ್ಸ್ ಹೇಗೆ ಕೊಟ್ಟೆ ಅಂದರೆ ಕ್ಯಾಶ್. ಕೀ ಎಲ್ಲಿ? ಕೊಟ್ಟಾಯ್ತು. ಗೋಡೆ ಹೇಗಿತ್ತು ಅಂತ ಫೋಟೋ? ತೆಗೆದಿಲ್ಲ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹಣದ ನೆರವಿನಲ್ಲೂ ಇದೇ ಕಥೆ. ಬಾಡಿಗೆ ಮೂರು ತಿಂಗಳು ಬಾಕಿಯಾದ ಮೇಲೆ ಸ್ಕಾಲರ್‌ಶಿಪ್ ಹುಡುಕುತ್ತಾರೆ, ಅಷ್ಟರಲ್ಲಿ ಅರ್ಜಿಯ ಕೊನೆ ದಿನ ಮುಗಿದಿರುತ್ತದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, 6ನೆಯದನ್ನು ಮಾತ್ರ ಕಾಲೇಜಿಗೆ ಸೇರಿದ ವಾರವೇ.

ಈಗಲೇ ಬೀಗ ಹಾಕಿಸಿಕೊಂಡು ಬೀದಿಯಲ್ಲಿ ನಿಂತಿದ್ದರೆ ಮಾತ್ರ ಸೀದಾ 5ನೇ ಹಂತಕ್ಕೆ ಹೋಗಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಒಂದು ಪ್ಲಾಸ್ಟಿಕ್ ಫೈಲ್ ತಗೊಳ್ಳಿ. ನಮ್ಮೂರ ಮಳೆಗೆ ಕಾಗದದ ಫೈಲ್ ಉಳಿಯಲ್ಲ. ಅದರೊಳಗೆ ಆಧಾರ್ ಪ್ರತಿ, ಕಾಲೇಜಿನ ವ್ಯಾಸಂಗ ಪ್ರಮಾಣ ಪತ್ರ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಬಾಡಿಗೆ ಅಗ್ರಿಮೆಂಟ್ ಅಥವಾ ರಸೀದಿ ಇರಲಿ. ಯುಪಿಐನಲ್ಲಿ ಕಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಬಾಡಿಗೆ ಕಟ್ಟಿದ ಸಾಲುಗಳ ಪಕ್ಕ ಪೆನ್ನಿನಲ್ಲಿ ಗುರುತು ಹಾಕಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಈ ಫೈಲ್‌ನಲ್ಲಿ ಬೇಡ. ಅದನ್ನು ಓನರಿಗಾಗಲಿ ಪಿಜಿಯವರಿಗಾಗಲಿ ಬ್ರೋಕರಿಗಾಗಲಿ "ಗ್ಯಾರಂಟಿಗೆ" ಅಂತ ಕೊಡಲೇಬೇಡಿ. ಕೇಳಿದರೆ ಜೆರಾಕ್ಸ್ ಕೊಡಿ. ಒರಿಜಿನಲ್ಲೇ ಬೇಕು ಅಂತ ಹಟ ಹಿಡಿದರೆ ಆ ರೂಮು ನಿಮಗೆ ಬೇಡ.

## ಹಂತ 1: ನೀವು ಬಾಡಿಗೆದಾರರಾ, ಪಿಜಿಯಲ್ಲಿ ಇರುವವರಾ ನೋಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದರೆ ತಪ್ಪು ಬಾಗಿಲು ತಟ್ಟುತ್ತೀರಿ.

ಮನೆ ಅಥವಾ ರೂಮು ಪೂರ್ತಿ ನಿಮ್ಮ ವಶದಲ್ಲಿದ್ದು, ಕೀ ನಿಮ್ಮ ಹತ್ತಿರ ಇದ್ದು, ತಿಂಗಳ ಬಾಡಿಗೆ ಕಟ್ಟುತ್ತಿದ್ದರೆ ನೀವು ಬಾಡಿಗೆದಾರರು. ಊಟ, ಕ್ಲೀನಿಂಗ್, ಮಂಚ ಎಲ್ಲ ಸೇರಿಸಿ ಒಂದೇ ಮೊತ್ತ ತಗೊಳ್ಳುವ ಪಿಜಿಯಾದರೆ ಅದು ಸೇವೆ. ಅಲ್ಲಿ ನೀವು ಗ್ರಾಹಕರು. ಗ್ರಾಹಕ ಆಯೋಗದ ದಾರಿ ನಿಮಗಿದೆ.

ಇನ್ನೊಂದು ಮಾತು. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ, ಅದನ್ನು ಓದಿ ಬಂದು ನನ್ನ ಹತ್ತಿರ ವಾದ ಮಾಡುವವರು ತುಂಬ ಜನ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಮಡಿಕೇರಿಯಲ್ಲಿ, ಗೋಣಿಕೊಪ್ಪದಲ್ಲಿ, ಕುಶಾಲನಗರದಲ್ಲಿ 2,000ಕ್ಕೆ ರೂಮು ಎಲ್ಲಿ ಸಿಗುತ್ತದೆ ಹೇಳಿ? ಹಾಗಾಗಿ ನಿಮ್ಮ ವಿಷಯ ಬರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಅಗ್ರಿಮೆಂಟ್ ಕೆಳಗೆ. "ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ" ಅನ್ನುವುದೂ ಅಷ್ಟೇ. ಅದು ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯ ತಾನಾಗಿ ಜಾರಿ ಮಾಡಿದರೆ ಮಾತ್ರ ಅದಕ್ಕೆ ಬಲ. ನಮ್ಮಲ್ಲಿ ಜಾರಿಯಾಗಿಲ್ಲ. ಓನರ್ ಎದುರು ಇದನ್ನು ಹೇಳಿ ಸೋತು ಬರಬೇಡಿ.

ಪಿಯುಸಿ ಓದುವ ಮಕ್ಕಳು ಗಮನಿಸಿ. 18 ತುಂಬದವರು ಮಾಡಿದ ಕರಾರಿಗೆ ಬೆಲೆ ಇಲ್ಲ. ಅಗ್ರಿಮೆಂಟಿಗೆ ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು.

## ಹಂತ 2: ಸಾಕ್ಷಿ ಜೋಡಿಸಿ, ಮನೆಯಲ್ಲಿ ಇರುವಾಗಲೇ

ಕೊಡಗಿನಲ್ಲಿ ಅಡ್ವಾನ್ಸ್ ಜಗಳ ಹೆಚ್ಚಾಗಿ ಗೋಡೆಯ ಮೇಲೇ ನಡೆಯುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಗೆ ಗೋಡೆ ತೇವ ಎಳೆದು ಬೂಷ್ಟು ಬರುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಂಚದ ಹಿಂದಿನ ಗೋಡೆಯನ್ನು ಮುಟ್ಟಿ ನೋಡಿ, ಬೆರಳಿಗೆ ಕಪ್ಪು ಮೆತ್ತಿಕೊಳ್ಳುತ್ತದೆ. ಮೇ ತಿಂಗಳಲ್ಲಿ ನೀವು ಖಾಲಿ ಮಾಡುವಾಗ ಆ ಕಲೆ ನಿಮ್ಮ ತಲೆಗೆ ಬರುತ್ತದೆ, ಪೇಂಟಿಂಗ್ ಖರ್ಚು ಅಂತ ಅರ್ಧ ಅಡ್ವಾನ್ಸ್ ಹೋಗುತ್ತದೆ. ಕಲೆ ಬಂದದ್ದು ಮಾಡು ಸೋರಿದ್ದರಿಂದ, ನೀವು ಒಳಗೆ ಬಟ್ಟೆ ಒಣಗಿಸಿದ್ದರಿಂದ ಅಲ್ಲ ಅಂತ ತೋರಿಸುವುದು ಫೋಟೋ ಮಾತ್ರ.

ಸೇರಿದ ಮೊದಲ ದಿನವೇ ಪ್ರತಿ ಗೋಡೆ, ಸೀಲಿಂಗ್, ಕಿಟಕಿ ಚೌಕಟ್ಟು, ಬಾತ್‌ರೂಮಿನ ನಲ್ಲಿ, ಸ್ವಿಚ್ ಬೋರ್ಡು, ಕರೆಂಟ್ ಮೀಟರಿನ ರೀಡಿಂಗ್, ಎಲ್ಲದರ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ. "ಅಂಕಲ್, ಇವತ್ತು ಸೇರಿದೆವು, ಮನೆ ಹೀಗಿದೆ" ಅಂತ ಒಂದು ಸಾಲು ಸಾಕು. ಯಾರಿಗೂ ಬೇಜಾರಾಗಲ್ಲ. ಮಳೆಗಾಲದಲ್ಲಿ ಸೋರಿದ ದಿನವೇ ಮತ್ತೆ ಫೋಟೋ, ಮತ್ತೆ ಮೆಸೇಜ್.

ಚಾಟ್ ಡಿಲೀಟ್ ಮಾಡಬೇಡಿ. ಫೋನ್ ಬದಲಿಸುವಾಗ ಬ್ಯಾಕಪ್ ತಗೊಳ್ಳಿ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಕೋರ್ಟಿನಲ್ಲಿ ಕಷ್ಟ, ಮೂಲ ಚಾಟ್ ಇರುವ ಫೋನ್ ಬೇಕಾಗುತ್ತದೆ.

ಕ್ಯಾಶ್ ಕೊಟ್ಟು ರಸೀದಿ ಇಲ್ಲದವರು ಏನು ಮಾಡಬೇಕು? ಈಗಲೇ ಒಂದು ಮೆಸೇಜ್ ಹಾಕಿ: "ಆಂಟಿ, ಜೂನ್ 28ಕ್ಕೆ ಕೊಟ್ಟ 30,000 ಅಡ್ವಾನ್ಸಿಗೆ ರಸೀದಿ ಕೊಡ್ತೀರಾ, ಮನೆಯಲ್ಲಿ ಲೆಕ್ಕ ಕೇಳ್ತಿದ್ದಾರೆ." ಅವರು "ಆಯ್ತು, ಬಂದಾಗ ಕೊಡ್ತೀನಿ" ಅಂದರೂ ಅದು ನಿಮಗೆ ದಾಖಲೆ. ಸಂಬಂಧ ಚೆನ್ನಾಗಿರುವಾಗ ಕೇಳಿದರೆ ಈ ಉತ್ತರ ಬರುತ್ತದೆ. ಜಗಳ ಆದ ಮೇಲೆ ಬರಲ್ಲ.

ನಾಲ್ಕು ಜನ ಸೇರಿ ಮನೆ ಮಾಡಿ ಅಗ್ರಿಮೆಂಟ್ ಮಾತ್ರ ಒಬ್ಬರ ಹೆಸರಿನಲ್ಲಿದ್ದರೆ, ಹೊಣೆ ಆ ಒಬ್ಬರದ್ದು. ನನ್ನ ತಂಗಿಗೆ ಹೀಗೇ ಆಯಿತು. ಜೊತೆಗಿದ್ದ ಇಬ್ಬರು ನಡುವೆಯೇ ಬಿಟ್ಟು ಹೋದರು, ಅವರ ಪಾಲಿನ ಬಾಡಿಗೆಯನ್ನು ಐದು ತಿಂಗಳು ಇವಳೇ ಕಟ್ಟಿದಳು. ಎಲ್ಲರ ಹೆಸರೂ ಹಾಕಿಸಿ, ಆಗಲಿಲ್ಲವೆಂದರೆ ನಿಮ್ಮೊಳಗೇ ಒಂದು ಹಾಳೆಯಲ್ಲಿ ಪಾಲು ಬರೆದು ಎಲ್ಲರೂ ಸಹಿ ಮಾಡಿ.

## ಹಂತ 3: ಓನರಿಗೆ ಬರವಣಿಗೆಯಲ್ಲಿ ಕೇಳಿ

ಲಾಯರ್ ಹತ್ತಿರ ಓಡುವ ಮೊದಲು ಇದು. ನಮ್ಮ ಕಡೆ ಓನರುಗಳಲ್ಲಿ ತುಂಬ ಜನ ನಿವೃತ್ತರಾದವರು, ಮೇಲಿನ ಮನೆಯ ಬಾಡಿಗೆಯಲ್ಲೇ ಔಷಧಿ ಖರ್ಚು ನಡೆಸುವವರು. ಅಡ್ವಾನ್ಸ್ ಯಾವಾಗಲೋ ಖರ್ಚಾಗಿರುತ್ತದೆ, ಹೇಳಲು ಸಂಕೋಚ. ಮರ್ಯಾದೆಯಿಂದ ಬರೆದ ಒಂದು ಪತ್ರಕ್ಕೆ ಇಂಥವರು ಸ್ಪಂದಿಸುತ್ತಾರೆ, ಎರಡು ಕಂತಿನಲ್ಲಾದರೂ ಕೊಡುತ್ತಾರೆ.

ಪತ್ರ ಹೀಗಿರಲಿ:

"ಮಾನ್ಯರೇ, ನಾನು ಕಳೆದ ಜುಲೈ 1ರಿಂದ ತಮ್ಮ ಮನೆಯ ಮೇಲಿನ ಮಹಡಿಯಲ್ಲಿ ತಿಂಗಳಿಗೆ 6,000 ರೂಪಾಯಿ ಬಾಡಿಗೆಗೆ ಇದ್ದೇನೆ. ಜೂನ್ 28ರಂದು ಅಡ್ವಾನ್ಸ್ 30,000 ರೂಪಾಯಿ ಕೊಟ್ಟಿದ್ದೇನೆ. ಇದುವರೆಗಿನ ಬಾಡಿಗೆ ಪೂರ್ತಿ ಕಟ್ಟಿದ್ದೇನೆ. ಮೇ 31ರಂದು ಮನೆ ಖಾಲಿ ಮಾಡುತ್ತೇನೆ. ಅದೇ ದಿನ ಮನೆ ನೋಡಿ, ಅಡ್ವಾನ್ಸ್ ವಾಪಸ್ ಕೊಡಬೇಕಾಗಿ ವಿನಂತಿ. ಏನಾದರೂ ಕಡಿತ ಮಾಡುವುದಿದ್ದರೆ ಯಾವುದಕ್ಕೆ ಎಷ್ಟು ಎಂದು ಬಿಲ್ ಸಮೇತ ತಿಳಿಸಿ."

ಇಷ್ಟೇ. ಬೆದರಿಕೆ ಬೇಡ, ಕಾಯ್ದೆಯ ಸೆಕ್ಷನ್‌ಗಳೂ ಬೇಡ. ಒಂದು ಪ್ರತಿಯನ್ನು ಕೈಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಅವರ ಸಹಿ ತಗೊಳ್ಳಿ. ಸಹಿ ಹಾಕಲ್ಲ ಅಂದರೆ ಅಂಚೆಯಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಹಾಗಾಗಿ ಕೌಂಟರಿನಲ್ಲಿ "ಸ್ಪೀಡ್ ಪೋಸ್ಟ್, ತಲುಪಿದ ದಾಖಲೆ ಬೇಕು" ಅಂತ ಹೇಳಿ. ರಸೀದಿ ಫೈಲಿಗೆ ಹಾಕಿ.

ಎಷ್ಟು ದಿನ ಮೊದಲು ತಿಳಿಸಬೇಕು? ಅಗ್ರಿಮೆಂಟಿನಲ್ಲಿ ಬರೆದಷ್ಟು. ಏನೂ ಬರೆದಿಲ್ಲ, ತಿಂಗಳ ಬಾಡಿಗೆ ಅಂದರೆ 1882ರ ಕಾಯ್ದೆ ಹೇಳುವುದು 15 ದಿನ. ಓನರ್ ನಿಮ್ಮನ್ನು ಬಿಡಿಸಬೇಕಾದರೂ ಅಷ್ಟೇ. ಡಿಸೆಂಬರ್ ರಜೆಗೆ ಟೂರಿಸ್ಟ್ ಬರುತ್ತಾರೆ, ಹೋಂಸ್ಟೇ ಮಾಡಬೇಕು, ನಾಳೆಯೇ ಖಾಲಿ ಮಾಡಿ ಅಂದರೆ ನೀವು ಒಪ್ಪಬೇಕಾಗಿಲ್ಲ.

ಇಲ್ಲಿ ಎರಡು ತಪ್ಪು ಜಾಸ್ತಿ ನಡೆಯುತ್ತವೆ. ಒಂದು, ಸೋರುತ್ತಿದೆ ಅಂತ ಸಿಟ್ಟಿಗೆ ಬಾಡಿಗೆ ನಿಲ್ಲಿಸುವುದು. ನಿಲ್ಲಿಸಿದ ದಿನದಿಂದ ತಪ್ಪು ನಿಮ್ಮ ಕಡೆ ಬರುತ್ತದೆ. ಓನರ್ ಮಾಡಿಸಿಕೊಡಬೇಕಾದ ರಿಪೇರಿಯನ್ನು ತಿಳಿಸಿ, ಸಾಕಷ್ಟು ಸಮಯ ಕೊಟ್ಟ ಮೇಲೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಲು ಅದೇ ಕಾಯ್ದೆಯ 108ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಮೊದಲು ಬರೆದು ತಿಳಿಸಿರಬೇಕು, ಬಿಲ್ ಇರಬೇಕು. ಎರಡು, "ಕೊನೆ ಮೂರು ತಿಂಗಳು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ" ಅಂತ ಸುಮ್ನೆ ಇದ್ದುಬಿಡುವುದು. ಓನರ್ ಒಪ್ಪಿದ್ದಾರೆ ಅನ್ನುವುದು ಒಂದು ಮೆಸೇಜಿನಲ್ಲಾದರೂ ಇರಲಿ.

## ಹಂತ 4: ಉಚಿತ ಕಾನೂನು ನೆರವಿಗೆ ಅರ್ಜಿ ಹಾಕಿ

ಪತ್ರ ಕೊಟ್ಟು ಹದಿನೈದು ದಿನವಾದರೂ ಉತ್ತರವಿಲ್ಲದಿದ್ದರೆ ಇಲ್ಲಿಗೆ ಬನ್ನಿ. ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಅಲ್ಲಿನ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿ. ಹೋಗುವ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ಯಾರಿಗೆ ವಕೀಲರು ಉಚಿತ? ಹೆಣ್ಣುಮಕ್ಕಳಿಗೆ, 18ರ ಒಳಗಿನವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ. ಪ್ರಕೃತಿ ವಿಕೋಪಕ್ಕೆ ಸಿಕ್ಕವರಿಗೂ ಉಂಟು. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಕ್ಕಳು ಇದನ್ನು ಅಲ್ಲಿ ಹೇಳಿ. ಉಳಿದ ಹುಡುಗರಿಗೆ ಆದಾಯದ ಮಿತಿ ಇದೆ, ಆದಾಯ ಪ್ರಮಾಣ ಪತ್ರ ಒಯ್ಯಿರಿ. ನಾನು ನೋಡಿದ ಹಾಗೆ ಹುಡುಗಿಯರು "ನಮಗೆ ತೋಟ ಇದೆ, ನಮಗೆಲ್ಲಿ ಕೊಡ್ತಾರೆ" ಅಂತ ಹಿಂದೆ ಸರಿಯುತ್ತಾರೆ. ಕೊಡುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಹಾಗೆ ಬರೆದಿದೆ.

ಅರ್ಜಿಗೆ ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ಯಾವಾಗ ಸೇರಿದೆ, ಎಷ್ಟು ಕೊಟ್ಟೆ, ಯಾವಾಗ ಬಿಟ್ಟೆ, ಏನು ಬಾಕಿ, ಏನು ಬೇಕು, ಈ ಐದು ಮಾತು ತಾರೀಖಿನ ಪ್ರಕಾರ ಬರಲಿ. ಓನರ್ ಬೈದಿದ್ದು, ಅವರ ಸೊಸೆ ಮುಖ ಊದಿಸಿದ್ದು ಬೇಡ.

ಅಡ್ವಾನ್ಸಿನಂಥ ವಿಷಯಕ್ಕೆ ನಾನು ಮೊದಲು ಹೇಳುವುದು ವ್ಯಾಜ್ಯಪೂರ್ವ ರಾಜಿ. ಅಂದರೆ ಕೇಸು ಹಾಕುವ ಮೊದಲೇ ಪ್ರಾಧಿಕಾರದವರು ಎರಡೂ ಕಡೆಯವರನ್ನು ಕರೆಸಿ ಕೂರಿಸಿ ಮಾತಾಡಿಸುತ್ತಾರೆ. ಇದಕ್ಕೆ ಆದಾಯದ ಮಿತಿ ಇಲ್ಲ, ಕೋರ್ಟ್ ಫೀಸೂ ಇಲ್ಲ. ಒಪ್ಪಂದವಾಗಿ ಲೋಕ ಅದಾಲತ್‌ನಲ್ಲಿ ದಾಖಲಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ ಬಲ. ಮೇಲ್ಮನವಿಗೆ ಅವಕಾಶ ಇಲ್ಲ, ಹಾಗಾಗಿ ಮೊತ್ತ ಸರಿಯಾಗಿ ನೋಡಿಕೊಂಡೇ ಸಹಿ ಹಾಕಿ. "ಆದಷ್ಟು ಬೇಗ" ಅಂತ ಬರೆದರೆ ಒಪ್ಪಬೇಡಿ, ತಾರೀಖು ಬರೆಸಿ.

ಪಿಜಿಯವರು ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು 2 ವರ್ಷ. ಬಾಡಿಗೆ ಮನೆಯ ಅಡ್ವಾನ್ಸ್ ವಸೂಲಿಗೆ ಸಿವಿಲ್ ಕೋರ್ಟಿನಲ್ಲಿ 3 ವರ್ಷ.

## ಹಂತ 5: ಬೀಗ ಹಾಕಿದರೆ, ಕರೆಂಟ್ ತೆಗೆದರೆ

ಬಾಡಿಗೆ ಬಾಕಿ ಇದ್ದರೂ ಓನರ್ ತಾವೇ ಬೀಗ ಹಾಕಿ ಹೊರಗೆ ಹಾಕುವ ಹಾಗಿಲ್ಲ. ಕೋರ್ಟಿನ ಮೂಲಕವೇ ಬಿಡಿಸಬೇಕು.

ಮೊದಲು ಬೀಗದ, ಹೊರಗೆ ಇಟ್ಟ ಸಾಮಾನಿನ ಫೋಟೋ ತೆಗೆಯಿರಿ. ಬೀಗ ನೀವೇ ಒಡೆಯಬೇಡಿ. 112ಕ್ಕೆ ಫೋನ್ ಮಾಡಿ. ಹುಡುಗಿಯರು ಮಹಿಳಾ ಸಹಾಯವಾಣಿ 181ಕ್ಕೂ ಮಾಡಬಹುದು. ಪೊಲೀಸರು ಅಡ್ವಾನ್ಸ್ ವಿಷಯ ಎತ್ತಿದರೆ "ಇದು ಸಿವಿಲ್ ಮ್ಯಾಟರ್" ಅನ್ನುತ್ತಾರೆ, ಅದು ಸರಿಯೇ. ಹಾಗಾಗಿ ಅವರ ಹತ್ತಿರ ಅಡ್ವಾನ್ಸ್ ಮಾತೇ ಬೇಡ. ಒಳಗೆ ನನ್ನ ಪುಸ್ತಕ, ಹಾಲ್ ಟಿಕೆಟ್, ಬಟ್ಟೆ ಇದೆ, ತೆಗೆಯಲು ಬಿಡುತ್ತಿಲ್ಲ, ಬೆದರಿಸಿದರು, ಇಷ್ಟನ್ನು ಮಾತ್ರ ಬರೆದು ಕೊಡಿ. ದೂರಿಗೆ ಸ್ವೀಕೃತಿ ಕೇಳಿ ಪಡೆಯಿರಿ.

ಕರೆಂಟ್ ಹೋದರೆ ಮೊದಲು 1912ಕ್ಕೆ, ನಮ್ಮ ಸೆಸ್ಕ್‌ನವರಿಗೆ, ಫೋನ್ ಮಾಡಿ ಲೈನ್ ಹೋಗಿದೆಯಾ ಕೇಳಿ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಮಾಮೂಲು. ಓನರ್ ಮೇಲೆ ಸುಮ್ನೆ ದೂರಬೇಡಿ. ಫ್ಯೂಸ್ ಅವರೇ ತೆಗೆದಿದ್ದಾರೆ ಅಂತ ಖಾತ್ರಿಯಾದರೆ 4ನೇ ಹಂತದ ಕಚೇರಿಗೆ ಅದೇ ದಿನ ಹೋಗಿ. ತಡೆಯಾಜ್ಞೆ ಕೇಳಲು ವಕೀಲರು ಬೇಕಾಗುತ್ತದೆ. ಮನೆಯಿಂದ ಬಲವಂತವಾಗಿ ಹೊರಗೆ ಹಾಕಿದ್ದರೆ ವಾಪಸ್ ಪಡೆಯುವ ದಾವೆಗೆ 6 ತಿಂಗಳ ಗಡುವಿದೆ, ಮುಗಿದರೆ ಆ ದಾರಿ ಮುಚ್ಚಿತು.

## ಹಂತ 6: ಹಣದ ನೆರವು, ಬಾಡಿಗೆ ಬಾಕಿಯಾಗುವ ಮೊದಲೇ

ಇದು ಕಾಲೇಜಿಗೆ ಸೇರಿದ ವಾರವೇ ಮಾಡುವ ಕೆಲಸ.

ಮೊದಲು ಹಾಸ್ಟೆಲಿಗೆ ಅರ್ಜಿ ಹಾಕಿ. ರೂಮು ನೋಡಿಕೊಂಡಿದ್ದರೂ ಹಾಕಿ. ಯಾಕೆಂದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಸಿಗುವುದು ಹಾಸ್ಟೆಲ್ ಸೀಟು ಸಿಗದವರಿಗೆ. ಊಟ ಮತ್ತು ವಸತಿಗೆಂದೇ ಇರುವ ನೆರವು ಅದು. ಬಹಳ ವರ್ಷ ತಿಂಗಳಿಗೆ 1,500ರಂತೆ 10 ತಿಂಗಳಿಗೆ ಕೊಡುತ್ತಿದ್ದರು, ಈ ಸಾಲಿನ ಮೊತ್ತವನ್ನು ಇಲಾಖೆಯ ಪ್ರಕಟಣೆಯಲ್ಲಿ ನೋಡಿ. ಕೊಡವರು, ಒಕ್ಕಲಿಗರು ಹಿಂದುಳಿದ ವರ್ಗಗಳ 3ಎ ಪಟ್ಟಿಯಲ್ಲಿದ್ದಾರೆ. ತೋಟ ಸಣ್ಣದಿದ್ದು ಆದಾಯ ಮಿತಿಯೊಳಗಿದ್ದರೆ ಅರ್ಜಿ ಹಾಕಬಹುದು, ನಾಚಿಕೆ ಯಾಕೆ? ಯರವ, ಜೇನುಕುರುಬ, ಕಾಡುಕುರುಬ ಮಕ್ಕಳು ಮಡಿಕೇರಿಯ ಗಿರಿಜನ ಅಭಿವೃದ್ಧಿ ಯೋಜನೆ ಕಚೇರಿಯನ್ನೂ ಕೇಳಿ. ಅಲ್ಪಸಂಖ್ಯಾತ ಮಕ್ಕಳಿಗೆ "ಅರಿವು" ಅನ್ನುವ ಶಿಕ್ಷಣ ಸಾಲ ಇದೆ. ಲೈನ್ ಮನೆಯಲ್ಲಿ ಬೆಳೆದ ಮಕ್ಕಳು ಕಾಫಿ ಮಂಡಳಿಯ ಹತ್ತಿರದ ಕಚೇರಿಯಲ್ಲಿ ತೋಟ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದ ಬಗ್ಗೆ ವಿಚಾರಿಸಿ.

ರಾಜ್ಯದ ವಿದ್ಯಾರ್ಥಿವೇತನದ ಅರ್ಜಿ ಹೋಗುವುದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಅರ್ಜಿ ಮಂಜೂರಾದರೂ ದುಡ್ಡು ಬರದೆ ಕಾಯುವವರನ್ನು ನಾನು ತುಂಬ ನೋಡಿದ್ದೇನೆ. ಕಾರಣ ಹೆಚ್ಚಾಗಿ ಬ್ಯಾಂಕು. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಸೀಡಿಂಗ್, ಅಂದರೆ ಆಧಾರ್ ಜೋಡಣೆ, ಆಗಿರುವುದು ಬೇರೆ. ಸರ್ಕಾರದ ಹಣ ಸೀಡಿಂಗ್ ಆದ ಒಂದೇ ಖಾತೆಗೆ ಬರುತ್ತದೆ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೆ ಸೀಡಿಂಗ್ ಆಗಿದ್ದು, ಅದು ನಿಷ್ಕ್ರಿಯವಾಗಿದ್ದರೆ ಹಣ ವಾಪಸ್ ಹೋಗುತ್ತದೆ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ, ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ. ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರು ಬೇರೆ ಇದ್ದರೆ ಅದನ್ನೂ. ಮನೆತನದ ಹೆಸರು ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇರುವುದು ನಮ್ಮ ಜಿಲ್ಲೆಯಲ್ಲಿ ದಿನನಿತ್ಯದ ತೊಂದರೆ. ಹಣ ಬಂತಾ ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು.

ಶಿಕ್ಷಣ ಸಾಲ ತಗೊಳ್ಳುವವರು ಬರೀ ಕಾಲೇಜು ಫೀಸು ಬರೆದು ಕೊಡುತ್ತಾರೆ. ಹೊರಗೆ ರೂಮು ಮಾಡಿದ್ದರೆ ಮಿತವಾದ ವಸತಿ, ಊಟದ ಖರ್ಚನ್ನೂ ಬ್ಯಾಂಕ್ ಸಾಲದಲ್ಲಿ ಸೇರಿಸಬಹುದು. ಅಂದಾಜು ಪಟ್ಟಿ ಕೊಡುವಾಗಲೇ ಅಗ್ರಿಮೆಂಟ್ ಪ್ರತಿ ಲಗತ್ತಿಸಿ ಕೇಳಿ. ಆಮೇಲೆ ಸೇರಿಸಿ ಅಂದರೆ ಕಷ್ಟ. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ.

ಇನ್ನು ಹತ್ತಿರದ ಊರಿನ ಹುಡುಗಿಯರು ಒಮ್ಮೆ ಲೆಕ್ಕ ಹಾಕಿ ನೋಡಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗಿ ಬರುವವರಿಗೆ ರೂಮೇ ಬೇಡ. ದೂರದ ಬಿರುನಾಣಿ ಕಡೆಯವರಿಗೆ ಆ ಮಾತು ಹೇಳಲಾರೆ.

## ಅಪಾಯದ ಗುರುತುಗಳು

ಮನೆ ತೋರಿಸದೆ ಫೋಟೋ ಕಳಿಸಿ "ಟೋಕನ್ ಹಾಕಿ, ಬೇರೆಯವರು ಕೇಳ್ತಿದ್ದಾರೆ" ಅನ್ನುವವರಿಗೆ ದುಡ್ಡು ಹಾಕಬೇಡಿ. ಸೈನ್ಯದಲ್ಲಿದ್ದೇನೆ, ಊರಲ್ಲಿಲ್ಲ ಅಂತ ಹೇಳಿ ನಂಬಿಸುವುದು ಹಳೆಯ ಆಟ. ಸೈನಿಕರ ನಾಡಾದ ನಮ್ಮಲ್ಲಿ ಅದಕ್ಕೆ ಬೇಗ ಕರಗುತ್ತೇವೆ. ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅಂದರೆ ಹಣ ಕೈ ದಾಟಿರುತ್ತದೆ.

ಬಾಡಿಗೆ ಕಟ್ಟಲು ಸಾಲದ ಆ್ಯಪ್ ಇಳಿಸಿಕೊಳ್ಳುವುದು ಬೇಡವೇ ಬೇಡ. ಕಾಂಟ್ಯಾಕ್ಟ್ ಮತ್ತು ಫೋಟೋ ನೋಡಲು ಅನುಮತಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಸ್ಕಾಲರ್‌ಶಿಪ್ ಮಾಡಿಸಿಕೊಡುತ್ತೇನೆ ಅಂತ ಒಟಿಪಿ ಕೇಳುವವರು, ಉಚಿತ ಕಾನೂನು ನೆರವಿಗೆ ಖರ್ಚು ಕೇಳುವವರು, ಇಬ್ಬರಿಂದಲೂ ದೂರ ಇರಿ. ಸರ್ಕಾರ ಕೊಟ್ಟ ವಕೀಲರು ಹಣ ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಿ, ಬೇರೆ ವಕೀಲರನ್ನು ಕೇಳಿ.

## ಹಂತ 7: ಕೀ ಕೊಡುವ ದಿನ

ಸಾಮಾನು ಹೊರಗೆ ಇಟ್ಟ ಮೇಲೆ ಮನೆ ಗುಡಿಸಿ, ಬೂಷ್ಟು ಒರೆಸಿ. ಬಾಗಿಲಿನಿಂದ ಶುರು ಮಾಡಿ ಒಂದೇ ವಿಡಿಯೋದಲ್ಲಿ ಪ್ರತಿ ರೂಮು ತೋರಿಸಿ, ಮೀಟರ್ ರೀಡಿಂಗ್‌ನಲ್ಲಿ ಮುಗಿಸಿ. ಕರೆಂಟ್ ಬಿಲ್ ಅವತ್ತಿನ ತನಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಓನರ್ ಜೊತೆಯಲ್ಲೇ ಮನೆ ಸುತ್ತಿ, ಕಡಿತದ ಮಾತು ಬಂದರೆ ಅಲ್ಲೇ ಬರೆದುಕೊಳ್ಳಿ.

ಅಡ್ವಾನ್ಸ್ ಕೈಗೆ ಬಂದ ಮೇಲೆ ಕೀ ಕೊಡುವುದು ಒಳ್ಳೆಯದು. ಅಂದು ಹಣ ಇಲ್ಲ ಅಂದರೆ ಕೀ ಹಿಡಿದುಕೊಂಡು ಕೂರಬೇಡಿ, ಆ ತಿಂಗಳ ಬಾಡಿಗೆಯೂ ನಿಮ್ಮ ತಲೆಗೆ ಬರಬಹುದು. ಒಂದು ಹಾಳೆಯಲ್ಲಿ "ಇಂದು ಕೀ ಪಡೆದಿದ್ದೇನೆ, ಅಡ್ವಾನ್ಸ್ 30,000 ರೂಪಾಯಿಯನ್ನು ಇಂಥ ತಾರೀಖಿನೊಳಗೆ ಕೊಡುತ್ತೇನೆ" ಅಂತ ಬರೆಸಿ, ಸಹಿ ಹಾಕಿಸಿ, ಆಮೇಲೆ ಕೀ ಅವರ ಕೈಗೆ ಕೊಡಿ. ಬರೆಯಲು ಒಪ್ಪದಿದ್ದರೆ ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಕೀ ಕೊಟ್ಟು, ಗೇಟು ದಾಟುವ ಮೊದಲೇ ವಾಟ್ಸಾಪ್ ಮಾಡಿ: "ಅಂಕಲ್, ಈಗ 11 ಗಂಟೆಗೆ ಕೀ ಕೊಟ್ಟೆ, ಅಡ್ವಾನ್ಸ್ 30,000 ಬಾಕಿ ಇದೆ."